ಡಾಕ್ಟರ್ ಓದಿನ ಬಾಗಿಲು ಮತ್ತು ನಮ್ಮ ಮಕ್ಕಳು

(ಹೊಳಲ್ಕೆರೆಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನಾವು ಡಾಕ್ಟರ್ ಓದಿನ ವಿಚಾರ ಮಾತನಾಡಲು ನಿಂತಿದ್ದೇವೆ. ಕೆಲವರಿಗೆ ನಗು ಬಂದರೆ ತಪ್ಪಿಲ್ಲ. ಆದರೆ ಈ ಮಾತನ್ನು ಆಡಬೇಕಾದ ಋಣವೊಂದು ನಮ್ಮ ತಲೆಯ ಮೇಲಿದೆ. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಹಿರಿಯೂರಿನ ಎಣ್ಣೆ ಗಿರಣಿಯೊಂದರಲ್ಲಿ ಹಮಾಲಿ ಮಾಡುವ ಸಂಗಾತಿಯೊಬ್ಬರ ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಚೆನ್ನಾಗಿ ಓದಿದಳು. ನೀಟ್ ಪರೀಕ್ಷೆಗೂ ಕುಳಿತಳು. ಅರ್ಜಿ ತುಂಬಲು ತಂದೆಗೆ ತಿಳಿಯದು. ಮೇಷ್ಟರಾಗಿದ್ದವರು, ಪಕ್ಷದ ಕೆಲಸ ಮಾಡುವವರು ಎಂದು ನಮ್ಮ ಬಳಿ ಬಂದರು. ನಾವು ಬಲು ಉತ್ಸಾಹದಿಂದ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಅರ್ಜಿ ತುಂಬಿಸಿದೆವು. 'ಕನ್ನಡ ಮಾಧ್ಯಮದಲ್ಲಿ ಓದಿದ್ದೀರಾ' ಎಂಬ ಕಾಲಂ ಬಂತು. ಹುಡುಗಿ ಪಿಯುಸಿ ಓದಿದ್ದು ಇಂಗ್ಲಿಷಿನಲ್ಲಲ್ಲವೇ ಎಂದು 'ಇಲ್ಲ' ಎಂದು ಬರೆಸಿದೆವು. ಕನ್ನಡ ಮಾಧ್ಯಮದ ಮೀಸಲಿಗೆ ಲೆಕ್ಕ ಒಂದರಿಂದ ಹತ್ತನೆಯ ತರಗತಿಯವರೆಗೆ ಮಾತ್ರ, ಪಿಯುಸಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ನಮಗೆ ಗೊತ್ತಾದದ್ದು ತಿದ್ದುವ ಗಡುವು ಮುಗಿದ ಮೇಲೆ. ಅವಳು ಹತ್ತು ವರ್ಷವೂ ಸರ್ಕಾರಿ ಕನ್ನಡ ಶಾಲೆಯಲ್ಲೇ ಓದಿದವಳು. ಆ ವರ್ಷ ಅದೇ ಮೀಸಲಿನಲ್ಲಿ, ಅವಳದೇ ವರ್ಗದಲ್ಲಿ, ಅವಳಿಗಿಂತ ಹಿಂದಿನ ರ್‍ಯಾಂಕಿನವರಿಗೆ ಸರ್ಕಾರಿ ಮೆಡಿಕಲ್ ಸೀಟು ಸಿಕ್ಕಿತು. ಅವಳಿಗೆ ದಂತವೈದ್ಯದ ಸೀಟು ಸಿಕ್ಕಿತು. ಹಲ್ಲಿನ ಡಾಕ್ಟರಾಗುವುದು ಕೀಳೆಂದು ನಾವು ಹೇಳುತ್ತಿಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಈಗಲೂ ದಾರಿಯಲ್ಲಿ ಸಿಕ್ಕರೆ 'ನಮಸ್ಕಾರ ಮೇಷ್ಟ್ರೇ' ಎನ್ನುತ್ತಾಳೆ. ನಾವು ತಲೆ ಎತ್ತಿ ಉತ್ತರ ಕೊಡುವುದು ಕಷ್ಟ.

ಅಂಕದಲ್ಲಿ ಗೆದ್ದ ಬಡವರ ಮಗು ಕಾಗದದಲ್ಲಿ ಸೋಲುತ್ತದೆ. ಈ ಸಂಜೆ ನಾವು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಈ ಬಾಗಿಲು ಎಂದೂ ಸಲೀಸಾಗಿ ತೆರೆದದ್ದಲ್ಲ. ಹಳೆಯ ಮೈಸೂರು ಸಂಸ್ಥಾನಕ್ಕೆಲ್ಲ ಒಂದೇ ಮೆಡಿಕಲ್ ಕಾಲೇಜಿತ್ತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಹಿರಿಯೂರಿನಿಂದ ಯಾರ ಮಗ ಅಲ್ಲಿಗೆ ಹೋಗಬಲ್ಲವನಾಗಿದ್ದ ಎಂಬುದನ್ನು ನೀವೇ ಊಹಿಸಿಕೊಳ್ಳಿ. 1962ರಲ್ಲಿ, ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಬೆಳೆದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮೆಡಿಕಲ್ ಮತ್ತು ಇಂಜಿನಿಯರಿಂಗ್ ಸೀಟುಗಳಲ್ಲಿ ನೂರಕ್ಕೆ 68ನ್ನು ಹಿಂದುಳಿದವರಿಗೂ ಪರಿಶಿಷ್ಟರಿಗೂ ಮೀಸಲಿಟ್ಟು ಆಜ್ಞೆ ಹೊರಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಆಮೇಲೆ ಬಂದದ್ದು ಸಂದರ್ಶನದ ಪದ್ಧತಿ. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲು ಭಾಗದಷ್ಟು ಅಂಕ ಸಂದರ್ಶನ ಮಾಡುವವರ ಕೈಯಲ್ಲಿ! 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಕೋಟು ಹಾಕಿಕೊಂಡವರ ಮುಂದೆ ನಿಂತು ಹಮಾಲಿಯ ಮಗ ಇಂಗ್ಲಿಷಿನಲ್ಲಿ ಎಷ್ಟು ಅಂಕ ಗಳಿಸಬಹುದಿತ್ತು? ಈಗ ನೀಟ್ ಹೋದರೆ ಎಲ್ಲವೂ ಸರಿಹೋಗುತ್ತದೆ ಎನ್ನುವ ನಮ್ಮ ಕೆಲವು ಗೆಳೆಯರು ಆ ಕಾಲವನ್ನು ಮರೆತಿದ್ದಾರೆ.

ಇನ್ನೊಂದು ಬಾಗಿಲು ಹಣದ್ದು. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಹುಟ್ಟಿತು, 1965ರಲ್ಲಿ ದಾವಣಗೆರೆಯಲ್ಲಿ. ಆಗ ದಾವಣಗೆರೆ ನಮ್ಮದೇ ಜಿಲ್ಲೆ, ಬೇರೆಯಾದದ್ದು 1997ರಲ್ಲಿ. ಹತ್ತಿ ಗಿರಣಿಯ ಊರಿನಲ್ಲಿ ಡಾಕ್ಟರ್ ಕಾಲೇಜು ಬಂದಿತೆಂದು ಗಿರಣಿಯವರ ಮಕ್ಕಳು ಡಾಕ್ಟರಾದರೇ? ಎಲ್ಲೋ ಒಬ್ಬಿಬ್ಬರು. ಕ್ಯಾಪಿಟೇಶನ್ ಎಂಬ ವಸೂಲಿ ಎಷ್ಟು ಬೆಳೆಯಿತೆಂದರೆ 1984ರಲ್ಲಿ ಅದನ್ನು ನಿಷೇಧಿಸಿ ಕರ್ನಾಟಕವೇ ಕಾನೂನು ಮಾಡಬೇಕಾಯಿತು. ಆದರೂ ತುಮಕೂರಿನ ಖಾಸಗಿ ಕಾಲೇಜೊಂದರ ಶುಲ್ಕದ ವಿಷಯ 1992ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಸರ್ಕಾರದ ದರಪಟ್ಟಿ ಹೀಗಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡನಾಡಿನವರಿಗೆ 25,000, ಹೊರರಾಜ್ಯದವರಿಗೆ 60,000. ಒಂದೇ ಬೆಂಚು, ಒಂದೇ ಪಾಠ, ಮೂರು ಬೆಲೆ! ಮೋಹಿನಿ ಜೈನ್ ಎಂಬ ಉತ್ತರಪ್ರದೇಶದ ವಿದ್ಯಾರ್ಥಿನಿ ಹೂಡಿದ ಆ ಮೊಕದ್ದಮೆಯಲ್ಲಿ ಕ್ಯಾಪಿಟೇಶನ್ ತಪ್ಪೆಂದು ತೀರ್ಪಾಯಿತು. ಮಾರನೆಯ ವರ್ಷದ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ ನಮ್ಮಲ್ಲಿ ಸಿ.ಇ.ಟಿ. ಘಟಕ ಬಂತು. 2002ರ ಟಿ.ಎಂ.ಎ. ಪೈ ತೀರ್ಪು ಖಾಸಗಿಯವರ ಕೈ ಮತ್ತೆ ಸಡಿಲ ಮಾಡಿತು. 2016ರಿಂದ ನೀಟ್ ನೆಲೆಯೂರಿದೆ.

ಇನ್ನು ದಾರಿ ಹೇಗಿದೆ ಎಂಬುದಕ್ಕೆ ಬರೋಣ. ಮೆಡಿಕಲ್ ಆಗಲಿ ಡೆಂಟಲ್ ಆಗಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ, ನೀಟ್‌ನಲ್ಲಿ ಅರ್ಹರಾಗದೆ ಒಂದು ಸೀಟೂ ಇಲ್ಲ. ಭೌತ, ರಸಾಯನ, ಜೀವಶಾಸ್ತ್ರ, 720 ಅಂಕ. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. 2017ರಿಂದ ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಾದರೆ ಮಾತ್ರ ಇಂಗ್ಲಿಷಿನದೇ ಅಂತಿಮ ಎನ್ನುತ್ತಾರೆ. ಪಾಠ ಇಂಗ್ಲಿಷು, ತರಬೇತಿ ಇಂಗ್ಲಿಷು, ಪ್ರಶ್ನೆ ಮಾತ್ರ ಕನ್ನಡ. ಉಪಕಾರವಾಯಿತು ಎನ್ನೋಣವೇ?

ಸರ್ಕಾರಿ ಕಾಲೇಜುಗಳ ನೂರಕ್ಕೆ 15 ಸೀಟು ಅಖಿಲ ಭಾರತ ಪಾಲು. ಅದನ್ನು ದೆಹಲಿಯ ಸಮಿತಿ ಹಂಚುತ್ತದೆ. ಉಳಿದ 85ನ್ನು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು ನೋಂದಾಯಿಸಬೇಕು. ನೀಟ್ ಬರೆದೆವು, ಸಾಕು ಎಂದು ಮನೆಯಲ್ಲಿ ಕುಳಿತವರನ್ನು ನಾವು ಹೊಸದುರ್ಗದಲ್ಲಿ ಕಂಡಿದ್ದೇವೆ. ಪ್ರಾಧಿಕಾರದ ಅರ್ಜಿ ಸಾಮಾನ್ಯವಾಗಿ ನೀಟ್ ಪರೀಕ್ಷೆಗೂ ಮೊದಲೇ, ವರ್ಷದ ಆರಂಭದಲ್ಲೇ ಬರುತ್ತದೆ. ದೆಹಲಿಯ ಹಂಚಿಕೆಗೆ ಜಾತಿ ಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ನಮ್ಮ ತಾಲ್ಲೂಕು ಕಚೇರಿಯ ಮಾಮೂಲು ಪತ್ರ ಅಲ್ಲಿ ನಡೆಯದು.

ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 40 ಸರ್ಕಾರಿ ಪಾಲು, ಡೆಂಟಲ್‌ನಲ್ಲಿ 35. ಮಿಕ್ಕದ್ದು ಖಾಸಗಿ ದರದ್ದು, ಅನಿವಾಸಿಯವರದು, 'ಇತರೆ' ಎಂಬ ಹೆಸರಿನದು. ಬೆಲೆ ಕೇಳಿ. 2024ರ ಹೊತ್ತಿಗೆ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವರ್ಷಕ್ಕೆ ಸುಮಾರು 60 ಸಾವಿರ, ಖಾಸಗಿಯ ಸರ್ಕಾರಿ ಸೀಟಿಗೆ ಸುಮಾರು ಒಂದೂವರೆ ಲಕ್ಷ, ಖಾಸಗಿ ಸೀಟಿಗೆ 11–12 ಲಕ್ಷ, ಅನಿವಾಸಿ ಸೀಟಿಗೆ 25 ಲಕ್ಷ ಮತ್ತು ಅದಕ್ಕೂ ಮೇಲೆ. ಕಂಪ್ಯೂಟರಿನಲ್ಲಿ ಕಾಲೇಜುಗಳನ್ನು ಆಯ್ದು ಸಾಲಾಗಿ ಬರೆಯುವಾಗ ಒಂದೇ ಕಾಲೇಜು ಮೂರು ನಾಲ್ಕು ಬಗೆಯ ಶುಲ್ಕದಲ್ಲಿ ಕಾಣುತ್ತದೆ. ಕಾಲೇಜಿನ ಹೆಸರೊಂದನ್ನೇ ನೋಡಿ ಒತ್ತಿದವರಿಗೆ 12 ಲಕ್ಷದ ಸೀಟು ಬಂದು ಬಾಯಿ ಒಣಗಿದ್ದುಂಟು. ಶುಲ್ಕದ ಕಾಲಂ ಓದದೆ ಬೆರಳಿಡಬೇಡಿ.

ಸೀಟು ಬಂದ ಮೇಲೆ ನಾಲ್ಕು ಆಯ್ಕೆ ಕೇಳುತ್ತಾರೆ. ಒಂದು, ಒಪ್ಪಿದೆ, ಸೇರುತ್ತೇನೆ. ಎರಡು, ಒಪ್ಪಿದೆ, ಆದರೆ ಮೇಲಿನದು ಸಿಕ್ಕರೆ ಕೊಡಿ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಇರುತ್ತೇನೆ. ನಾಲ್ಕು, ಏನೂ ಬೇಡ. ಅವಸರದಲ್ಲಿ ಎರಡರ ಬದಲು ಮೂರು ಒತ್ತಿದರೆ ಕೈಯಲ್ಲಿದ್ದದ್ದೂ ಹೋಯಿತು. ಸೈಬರ್ ಅಂಗಡಿಯ ಹುಡುಗನ ಮೇಲೆ ಇದನ್ನು ಬಿಡಬೇಡಿ. ಅವನಿಗೆ ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ.

ಈಗ ಕಾಗದಗಳು. ಇದನ್ನು ಹೆಂಗಸರು ಚೆನ್ನಾಗಿ ಕೇಳಬೇಕು, ಏಕೆಂದರೆ ಮನೆಯ ಟ್ರಂಕಿನ ಬೀಗದ ಕೈ ಇರುವುದು ನಿಮ್ಮಲ್ಲಿ. ಗ್ರಾಮೀಣ ಮೀಸಲು ನೂರಕ್ಕೆ 15 ಇದೆ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಶಾಲೆ ಪುರಸಭೆಯ ಅಥವಾ ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗಿದ್ದರೆ ಅದು ಹಳ್ಳಿಯಲ್ಲ. ಗಿರಣಿ ಕೆಲಸಕ್ಕೆಂದು ಒಂದು ವರ್ಷ ದುರ್ಗಕ್ಕೆ ಬಂದು ಮಗುವನ್ನು ಪೇಟೆ ಶಾಲೆಗೆ ಹಾಕಿದಿರೋ, ಆ ಮೀಸಲು ಕೈತಪ್ಪಿತು. ಕೂಲಿಯವರ ಬದುಕು ಊರಿಂದೂರಿಗೆ ಅಲೆಯುವುದು ಎಂಬುದನ್ನು ಈ ನಿಯಮ ಬರೆದವರು ನೆನೆದಂತಿಲ್ಲ. ಕನ್ನಡ ಮಾಧ್ಯಮದ್ದು ನೂರಕ್ಕೆ 5. ಅದಕ್ಕೆ ಪೇಟೆ ಹಳ್ಳಿ ಎಂಬ ಭೇದವಿಲ್ಲ. ಎರಡಕ್ಕೂ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ನಾಲ್ಕು ಶಾಲೆ ಬದಲಿಸಿದ್ದರೆ ನಾಲ್ಕೂ ಕಡೆ ಓಡಾಡಬೇಕು. ಕೆಲವು ಶಾಲೆ ಮುಚ್ಚಿರುತ್ತದೆ, ಕೆಲವು ಕಡೆ ದಾಖಲಾತಿ ಪುಸ್ತಕ ಇನ್ನೊಂದು ಶಾಲೆಗೆ ಹೋಗಿರುತ್ತದೆ. ಇದು ಜೂನ್ ತಿಂಗಳ ಕೆಲಸವಲ್ಲ. ಮಗು ಹತ್ತನೆಯದು ಮುಗಿಸಿದ ಬೇಸಿಗೆಯಲ್ಲೇ ಆಗಬೇಕಾದ ಕೆಲಸ. ಜಾತಿ, ಆದಾಯದ ಪತ್ರವೂ ಹಾಗೆಯೇ. 2ಎ, 2ಬಿ, 3ಎ, 3ಬಿ ವರ್ಗದವರಿಗೆ ಆದಾಯದ ಮಿತಿಯಿದೆ. ಪ್ರವರ್ಗ 1ಕ್ಕೆ ಇಲ್ಲ. ಇದನ್ನು ತಿಳಿಯದೆ, 'ನಮ್ಮದು ಅಂಗಡಿ ಇದೆ, ನಮಗೆ ಸಿಗದು' ಎಂದು ಪತ್ರವನ್ನೇ ಮಾಡಿಸದ ಸಣ್ಣ ವರ್ತಕರಿದ್ದಾರೆ.

ದಲ್ಲಾಳಿಗಳ ಮಾತು. ಹೊಸದುರ್ಗದ ಕೊಬ್ಬರಿ ವ್ಯಾಪಾರಿಯೊಬ್ಬರು ಮಗನಿಗೆ ಸೀಟು 'ಬ್ಲಾಕ್' ಮಾಡಿಸುತ್ತೇನೆಂದವನ ಕೈಗೆ ಮೂರು ಲಕ್ಷ ಕೊಟ್ಟರು. ರಸೀದಿ ಇಲ್ಲ. ಈಗ ಆ ಫೋನು ಎತ್ತುವವರಿಲ್ಲ. ಹಣ ಹೋದದ್ದಕ್ಕಿಂತ ಮಗನೆದುರು ಮಾನ ಹೋಯಿತೆಂದು ಅವರು ಅತ್ತರು. ಹಂಚಿಕೆ ನಡೆಯುವುದು ರ್‍ಯಾಂಕಿನ ಮೇಲೆ, ಪ್ರಾಧಿಕಾರದಲ್ಲಿ. ಸೀಟನ್ನು ಮುಂಚೆಯೇ ಮಾರಲು ಯಾರಿಗೂ ಅಧಿಕಾರವಿಲ್ಲ. ಹೊರದೇಶಕ್ಕೆ ಕಳಿಸುತ್ತೇವೆನ್ನುವವರೂ ಬರುತ್ತಾರೆ. ಅಲ್ಲಿಗೆ ಹೋಗಲೂ ನೀಟ್ ಅರ್ಹತೆ ಬೇಕು, ಬಂದ ಮೇಲೆ ಇಲ್ಲಿ ಇನ್ನೊಂದು ಪರೀಕ್ಷೆ ಗೆಲ್ಲಬೇಕು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಸತ್ತ ಹುಡುಗ ಹಾವೇರಿ ಜಿಲ್ಲೆಯವನು. ಇಲ್ಲಿ ಸೀಟಿನ ಬೆಲೆ ಕೈಗೆ ಎಟುಕಿದ್ದರೆ ಅಂಥ ಮಕ್ಕಳು ಅಷ್ಟು ದೂರ ಏಕೆ ಹೋಗುತ್ತಿದ್ದರು?

ನಮ್ಮ ಜಿಲ್ಲೆಗೂ 2023ರಲ್ಲಿ 150 ಸೀಟಿನ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿತು. ಸಂತೋಷ. ಅದಕ್ಕೂ ಮೊದಲೇ ದುರ್ಗದಲ್ಲಿ ಖಾಸಗಿ ಮೆಡಿಕಲ್ ಕಾಲೇಜೂ ಡೆಂಟಲ್ ಕಾಲೇಜೂ ಇದ್ದವು. ಆದರೆ ದುರ್ಗದ ಕಾಲೇಜೆಂದು ದುರ್ಗದ ಮಕ್ಕಳಿಗೆ ಒಂದು ಸೀಟೂ ಪ್ರತ್ಯೇಕವಿಲ್ಲ. ಮೊಳಕಾಲ್ಮೂರು ದಾಟಿ ಬಳ್ಳಾರಿಗೆ ಹೋದರೆ 371 (ಜೆ) ವಿಧಿಯ ಪ್ರಕಾರ ಆ ಸೀಮೆಯ ಮಕ್ಕಳಿಗೆ ಸ್ಥಳೀಯ ಮೀಸಲಿದೆ. ಬರ ಒಂದೇ, ನೆಲ ಒಂದೇ, ಆದರೆ ನಮ್ಮ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಬಳ್ಳಾರಿಯವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ.

ನೀಟ್ ಬಗ್ಗೆ ಪಕ್ಷದ ನಿಲುವೇನೆಂದು ಕೆಲವರು ಚೀಟಿ ಕಳಿಸಿದ್ದಾರೆ. 2024ರಲ್ಲಿ 67 ಮಂದಿಗೆ 720ಕ್ಕೆ 720 ಎಂದು ಫಲಿತಾಂಶ ಬಂತು, 1,563 ಮಂದಿಗೆ ಕೊಟ್ಟ ಕೃಪಾಂಕ ಹಿಂದೆ ಪಡೆದರು, ಪಟ್ನಾ, ಹಜಾರಿಬಾಗ್‌ಗಳಲ್ಲಿ ಪತ್ರಿಕೆ ಸೋರಿದ್ದು ಹೊರಬಿತ್ತು. ಆದರೂ ಇಡೀ ಪರೀಕ್ಷೆ ರದ್ದು ಮಾಡಲು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಆ ಜುಲೈನಲ್ಲೇ ನಮ್ಮ ವಿಧಾನಮಂಡಲ ನೀಟ್ ಬೇಡವೆಂದು ನಿರ್ಣಯ ಮಾಡಿತು. ನಿರ್ಣಯ ಸರಿ. ಆದರೆ ಯಾವ ಪರೀಕ್ಷೆ ಇಟ್ಟರೂ ಲಕ್ಷ ಲಕ್ಷ ಕೊಟ್ಟು ತರಬೇತಿ ಪಡೆದವನೇ ಮುಂದೆ ಹೋಗುತ್ತಾನೆ. ಆದುದರಿಂದ ನಾವು ಕೇಳುವುದು ತಮಿಳುನಾಡು 2020ರಲ್ಲಿ ಮಾಡಿದ್ದನ್ನು. ಆರನೆಯದರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್‌ನಲ್ಲಿ ಅರ್ಹರಾದವರಿಗೆ ಅಲ್ಲಿ ನೂರಕ್ಕೆ 7.5 ಸೀಟು ಪ್ರತ್ಯೇಕ; ಅವರ ಶುಲ್ಕವನ್ನೂ ಸರ್ಕಾರವೇ ಹೊರುತ್ತದೆ. ಇದು ನೀಟ್ ಇರುವಾಗಲೇ ಆದ ಕೆಲಸ. ನಮ್ಮ ವಿಧಾನಸೌಧಕ್ಕೆ ಏನು ಅಡ್ಡಿ? ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಸಂಜೆಯ ಉಚಿತ ತರಬೇತಿ, ಕನ್ನಡದಲ್ಲಿ ಪಾಠದ ಟಿಪ್ಪಣಿ, ಪ್ರತಿ ತಾಲ್ಲೂಕಿನಲ್ಲಿ ಅರ್ಜಿ ತುಂಬಿಕೊಡುವ ಸರ್ಕಾರಿ ಮೇಜು. ಈ ಮನವಿಗೆ ಹೊರಗೆ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ನಾಚಿಕೆಪಡಬೇಕಾದದ್ದಿಲ್ಲ.

ಮುಂದಿನ ಭಾನುವಾರದಿಂದ ದುರ್ಗದ ಪಕ್ಷದ ಕೋಣೆಯಲ್ಲಿ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಾಗದ ನೋಡಿಕೊಡುತ್ತೇವೆ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪತ್ರ, ಮಗು ಓದಿದ ಪ್ರತಿ ಶಾಲೆಯ ಹೆಸರು ಮತ್ತು ವರ್ಷ ತನ್ನಿ. ಕಾಸು ಬೇಡ. ಹಿರಿಯೂರಿನ ಆ ಹುಡುಗಿ ರಜಾದಿನಗಳಲ್ಲಿ ಬಂದು ಕುಳಿತುಕೊಳ್ಳಲು ಒಪ್ಪಿದ್ದಾಳೆ. ಅರ್ಜಿಯನ್ನು ನಾವು ತುಂಬುವುದಿಲ್ಲ. ಅವಳು ತುಂಬುತ್ತಾಳೆ, ನಾವು ಪಕ್ಕದಲ್ಲಿ ಕುಳಿತು ಓದಿ ಹೇಳುತ್ತೇವೆ.