ಪುರದ ಕಟ್ಟಳೆಯೂ ಗಡಿನಾಡ ಮತದಾರನೂ
(ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಅಧ್ಯಾಪಕನೊಬ್ಬನು ಸಂಘದ ಉತ್ಸವದಲ್ಲಿ ಮಾತಿಗೆ ನಿಂತನೆಂದರೆ ವಚನಗಳನ್ನೋ ಕುಮಾರವ್ಯಾಸನನ್ನೋ ಕುರಿತು ನುಡಿಯುವನೆಂದು ತಾವು ನಿರೀಕ್ಷಿಸುವುದು ಸಹಜ. ಕಾರ್ಯಕರ್ತರು ನನಗೆ ಒಪ್ಪಿಸಿದ ವಿಷಯವಾದರೋ ಪೌರಾಡಳಿತ. ಶಬ್ದಗಳ ಅರ್ಥವನ್ನು ಬಿಡಿಸಿ ಹೇಳುವುದು ನನ್ನ ವೃತ್ತಿ; ಪೌರಾಡಳಿತದಲ್ಲಿಯೂ ಬಿಡಿಸಿ ಹೇಳಬೇಕಾದ ಶಬ್ದಗಳು ಕೆಲವುಂಟು. ಅಷ್ಟರಮಟ್ಟಿನ ಅಧಿಕಾರದಿಂದ ಆರಂಭಿಸುತ್ತೇನೆ.

ಮೊದಲನೆಯ ಶಬ್ದ 'ಸನ್ನದು'. ಒಂದು ನಗರವು ಹೇಗೆ ಆಳಲ್ಪಡಬೇಕು, ಅದರ ಸಭೆಯಲ್ಲಿ ಎಷ್ಟು ಜನರಿರಬೇಕು, ಅವರನ್ನು ಯಾರು, ಯಾವ ರೀತಿ ಆರಿಸಬೇಕು ಎಂಬುದನ್ನು ನಿಶ್ಚಯಿಸುವ ಮೂಲ ಕಟ್ಟಳೆಗೆ ಆಂಗ್ಲರು ಚಾರ್ಟರ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಮದರಾಸು ನಗರಕ್ಕೆ 1687ರಲ್ಲಿ ಇಂಥ ಸನ್ನದು ದೊರೆಯಿತು. ಕೊಟ್ಟದ್ದು ಸಮುದ್ರದಾಚೆಯ ಈಸ್ಟ್ ಇಂಡಿಯಾ ಕಂಪನಿ. ಅಮೆರಿಕದಲ್ಲಿ ಈ ವಿಚಾರ ಬೇರೆ ದಾರಿ ಹಿಡಿಯಿತು. ಮಿಸ್ಸೂರಿ ರಾಜ್ಯದ 1875ರ ಸಂವಿಧಾನವು ದೊಡ್ಡ ನಗರಗಳಿಗೆ ತಮ್ಮ ಸನ್ನದನ್ನು ತಾವೇ ರಚಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. ಮರುವರ್ಷವೇ ಸೇಂಟ್ ಲೂಯಿಸ್ ನಗರ ಅದನ್ನು ಬಳಸಿಕೊಂಡಿತು. ಇಂದು ಅಲ್ಲಿನ ಅನೇಕ ನಗರಗಳಲ್ಲಿ ಸನ್ನದಿನ ತಿದ್ದುಪಡಿಯನ್ನು ಚುನಾವಣೆಯ ದಿನವೇ ಮತದಾರರ ಮುಂದಿಟ್ಟು ಹೌದು ಅಥವಾ ಅಲ್ಲ ಎಂದು ಕೇಳುತ್ತಾರೆ. ಅಭ್ಯರ್ಥಿಗಳನ್ನು ಪ್ರಾಶಸ್ತ್ಯಕ್ರಮದಲ್ಲಿ ಗುರುತಿಸುವ ಹೊಸ ಮತದಾನಪದ್ಧತಿ ನ್ಯೂಯಾರ್ಕಿಗೆ ಬಂದದ್ದು 2019ರ ನವೆಂಬರಿನಲ್ಲಿ ಅಲ್ಲಿನ ಮತದಾರರು ಹೌದೆಂದ ಮೇಲೆ. ಅಲ್ಲಿಯದೆಲ್ಲ ಅಪರಂಜಿಯೆಂದು ನಾನು ಹೇಳುತ್ತಿಲ್ಲ. ಕಾಯಿದೆಯ ಭಾಷೆ ಅಲ್ಲಿಯೂ ಕಬ್ಬಿಣದ ಕಡಲೆಯೇ. ಆದರೂ ಕೇಳುತ್ತಾರೆ.

ಇನ್ನು ನಮ್ಮ ಸೊಲ್ಲಾಪುರಕ್ಕೆ ಬರೋಣ. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಊರಿದು. ಪುರಸಭೆಯೆಂಬುದು ಹುಟ್ಟುವ ಏಳು ಶತಮಾನಗಳ ಮುನ್ನವೇ ಪೌರಕಾರ್ಯ ನಡೆದ ಊರು. 1852ರಲ್ಲಿ ಇಲ್ಲಿ ಪುರಸಭೆ ಸ್ಥಾಪನೆಯಾಯಿತು. ಆಗ ಜಾರಿಯಲ್ಲಿದ್ದುದು 1850ರ 26ನೆಯ ಕಾಯಿದೆ. ಊರಿನ ನಿವಾಸಿಗಳಿಗೆ ಇಚ್ಛೆಯಿದೆಯೆಂದು ಕಂಡುಬಂದಲ್ಲಿ ಮಾತ್ರ ಅದನ್ನು ಆ ಊರಿಗೆ ಅನ್ವಯಿಸಬೇಕೆಂಬುದು ಅದರ ನಿಬಂಧನೆ. ಪರಕೀಯ ಕಂಪನಿಯ ಆಳ್ವಿಕೆಯಲ್ಲಿಯೂ ಕಾಗದದ ಮೇಲಾದರೂ ಊರವರ ಇಚ್ಛೆಗೆ ಒಂದು ಸ್ಥಾನವಿತ್ತು. ಇದೇ ಪುರಸಭೆಯ ಕಟ್ಟಡದ ಮೇಲೆ 1930ರ ಏಪ್ರಿಲ್ 6ರಂದು ರಾಷ್ಟ್ರಧ್ವಜ ಹಾರಿತು. ಮರುತಿಂಗಳೇ ಊರಿನ ಮೇಲೆ ಲಷ್ಕರಿ ಕಾಯಿದೆ ಹೇರಲಾಯಿತು. ಅದರ ಫಲವಾಗಿ 1931ರ ಜನವರಿ 12ರಂದು ಗಲ್ಲಿಗೇರಿದ ನಾಲ್ವರಲ್ಲಿ ಮಲ್ಲಪ್ಪ ಧನಶೆಟ್ಟಿಯವರೂ ಒಬ್ಬರೆಂಬುದನ್ನು ಈ ಸಭೆಗೆ ನೆನಪಿಸಬೇಕಾದುದಿಲ್ಲ.

ಅಂಥ ಊರಿನ ಮೂಲ ಕಟ್ಟಳೆ ಈಗ ಎಲ್ಲಿ ತಿದ್ದಲ್ಪಡುತ್ತದೆ? ಮುಂಬಯಿಯ ವಿಧಾನಮಂಡಲದಲ್ಲಿ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪೌರಸಂಸ್ಥೆಗಳಿಗೆ ಐದು ವರ್ಷಗಳ ಅವಧಿಯನ್ನೂ, ಸ್ತ್ರೀಯರಿಗೆ ಮೂರನೆಯ ಒಂದಂಶಕ್ಕೆ ಕಡಿಮೆಯಾಗದಷ್ಟು ಸ್ಥಾನಗಳನ್ನೂ, ಚುನಾವಣೆಗೆ ಪ್ರತ್ಯೇಕ ರಾಜ್ಯ ಆಯೋಗವನ್ನೂ ಕೊಟ್ಟಿತು. ಉಳಿದುದನ್ನು ಬಹುವಾಗಿ ರಾಜ್ಯಗಳಿಗೆ ಬಿಟ್ಟಿತು. ಅಕ್ಕಲಕೋಟೆ, ದುಧನಿ, ಮೈಂದರ್ಗಿಗಳಂಥ ನಗರ ಪರಿಷತ್ತುಗಳ ನಗರಾಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂದು 2001ರಲ್ಲಿ ನಿಯಮವಾಯಿತು, 2006ರಲ್ಲಿ ಅದು ಹೋಯಿತು, 2016ರಲ್ಲಿ ಮರಳಿ ಬಂದಿತು, 2020ರಲ್ಲಿ ರದ್ದಾಯಿತು, 2022ರಲ್ಲಿ ಪುನಃ ಸ್ಥಾಪಿತವಾಯಿತು. ಮಹಾನಗರಪಾಲಿಕೆಯ ಪ್ರಭಾಗಗಳದೂ ಇದೇ ಕಥೆ. 2016ರಲ್ಲಿ ಪ್ರಭಾಗಕ್ಕೆ ನಾಲ್ವರು ಸದಸ್ಯರು, 2019ರಲ್ಲಿ ಒಬ್ಬನೇ, 2021ರಲ್ಲಿ ಮೂವರು, 2022ರಲ್ಲಿ ಪುನಃ ನಾಲ್ವರು. ಯಾವುದೊಂದು ಪಕ್ಷವನ್ನು ನಾನು ದೂರುತ್ತಿಲ್ಲ. ಎಲ್ಲ ಬಣ್ಣದ ಸರಕಾರಗಳಿಗೂ ಇದರಲ್ಲಿ ಪಾಲಿದೆ. ಈ ತಿರುವುಗಳಲ್ಲಿ ಒಂದನ್ನಾದರೂ ಹೌದೋ ಅಲ್ಲವೋ ಎಂದು ಊರಿನ ಮತದಾರನನ್ನು ಕೇಳಿದ್ದುಂಟೇ ಎಂಬುದಷ್ಟೇ ನನ್ನ ಪ್ರಶ್ನೆ.

ಸದಸ್ಯರು ಒಬ್ಬರಾದರೇನು, ನಾಲ್ವರಾದರೇನು ಎಂದು ತಾವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಪೇಟೆಯಲ್ಲಿ 2,000 ಕನ್ನಡ ಮತದಾರರಿದ್ದಾರೆಂದು ಊಹಿಸಿರಿ. ಪ್ರಭಾಗ 5,000 ಮತದಾರರದಾಗಿ, ಸದಸ್ಯನೊಬ್ಬನೇ ಆದಲ್ಲಿ ಅವರು ಐದರಲ್ಲಿ ಎರಡು ಪಾಲು. ಅಭ್ಯರ್ಥಿ ಯಾವ ಭಾಷೆಯವನಾದರೂ ಅವರ ಬಾಗಿಲಿಗೆ ಬಂದೇ ಬರಬೇಕು. ಅಂಥ ನಾಲ್ಕು ಪ್ರಭಾಗಗಳನ್ನು ಕೂಡಿಸಿ 20,000 ಮತದಾರರ ಒಂದೇ ಪ್ರಭಾಗ ಮಾಡಿದಿರೋ, ನಾಲ್ಕು ಸ್ಥಾನಗಳಲ್ಲಿಯೂ ಅವರದು ಹತ್ತರಲ್ಲಿ ಒಂದೇ ಪಾಲು. ಕೈಯಲ್ಲಿ ನಾಲ್ಕು ಮತಗಳಿದ್ದರೂ ನಾಲ್ಕೂ ಹಗುರ. ನಾಳೆ ಕನ್ನಡ ಶಾಲೆಗೆ ಅಧ್ಯಾಪಕರಿಲ್ಲವೆಂದು ದೂರಲು ಹೋದರೆ ಒಬ್ಬ ನಗರಸೇವಕನು ಇನ್ನೊಬ್ಬನ ಕಡೆ ಕೈ ತೋರಿಸುವುದಕ್ಕೂ ಇಲ್ಲಿ ಅವಕಾಶವುಂಟು. ಬೇರೆ ಬೇರೆ ವರ್ಗದ ನಾಲ್ವರನ್ನು ಒಟ್ಟಿಗೆ ಆರಿಸುವ ಪದ್ಧತಿಗೆ ಗುಣಗಳಿಲ್ಲವೆಂದಲ್ಲ. ನಮ್ಮಂಥ ಚದುರಿದ ಅಲ್ಪಸಂಖ್ಯಾತರಿಗೆ ಅದು ಅನುಕೂಲವಲ್ಲವೆಂಬುದು ನನ್ನ ಅಭಿಪ್ರಾಯ.

ಇದಕ್ಕಿಂತ ಕೆಟ್ಟದ್ದು ಸಭೆಯೇ ಇಲ್ಲದಿರುವುದು. 2017ರಲ್ಲಿ ಆರಿಸಲಾದ 102 ಸದಸ್ಯರ ನಮ್ಮ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಮೀಸಲಾತಿಯ ವ್ಯಾಜ್ಯ, ಪ್ರಭಾಗರಚನೆಯ ವ್ಯಾಜ್ಯಗಳಲ್ಲಿ ಚುನಾವಣೆ ಮುಂದೆ ಹೋಗುತ್ತಲೇ ಇದ್ದು, 2025ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿದ ಮೇಲೆ, 2026ರ ಜನವರಿ 15ರಂದು ಮತದಾನ ನಡೆಯಿತು. ನಡುವಿನ ಕಾಲದಲ್ಲಿ ಆಡಳಿತ ನಡೆಸಿದವನು ಅಧಿಕಾರಿ. ಅವನು ದಕ್ಷನೇ ಇರಬಹುದು. ಅವನನ್ನು ನಾವು ಆರಿಸಿರಲಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಒಂದು ಕಿಂಡಿಯಿದೆ. ಇಲ್ಲಿ ಎರಡನೆಯ ಶಬ್ದ ಬರುತ್ತದೆ: 'ಹರಕತಿ'. ಮರಾಠಿಯ ಈ ಮಾತಿಗೆ ಆಕ್ಷೇಪಣೆಯೆಂದು ಅರ್ಥ. ಪ್ರಭಾಗಗಳ ಗಡಿಯನ್ನು ನಿಶ್ಚಯಿಸುವ ಮೊದಲು ಕರಡನ್ನೂ ನಕ್ಷೆಯನ್ನೂ ಪ್ರಕಟಿಸಿ ಹರಕತಿ ಮತ್ತು ಸೂಚನೆಗಳನ್ನು ಕೇಳುತ್ತಾರೆ. ಗಡುವು ಕೆಲವೇ ದಿನಗಳದು. ಬರೆದುಕೊಟ್ಟವರನ್ನು ಕರೆದು ವಿಚಾರಣೆ ಮಾಡುತ್ತಾರೆ. ಮತದಾನದ ದಿನ ಹೊಸ ಅಂಗಿ ತೊಟ್ಟು ಸಾಲಿನಲ್ಲಿ ನಿಲ್ಲುವ ನಮ್ಮವರಲ್ಲಿ ಈ ನಕ್ಷೆಯನ್ನು ಕಣ್ಣಾರೆ ಕಂಡವರೆಷ್ಟು? ಭಾಷೆಗೊಂದು ಪ್ರಭಾಗ ಮಾಡಿರೆಂದು ನಾವು ಕೇಳಬಾರದು. ಅದು ಊರನ್ನು ಒಡೆಯುವ ಮಾತು. ತಲೆಮಾರುಗಳಿಂದ ಒಂದಾಗಿರುವ ಓಣಿಯ ನಡುವೆ ಗೆರೆ ಎಳೆಯಬೇಡಿರೆಂದು ಕೇಳುವುದು ಬೇರೆ. ಅದನ್ನು ಓಣಿಯ ತೆಲುಗರೂ ಉರ್ದು ಮಾತಿನವರೂ ಮರಾಠಿಗರೂ ನಮ್ಮ ಜೊತೆಗೂಡಿ ಕೇಳಬಲ್ಲರು.

ಮತದಾರರ ಯಾದಿಯದೂ ಇಂಥದೇ ಸೂಕ್ಷ್ಮ. ಪಾಲಿಕೆಯ ಚುನಾವಣೆಗೆ ಯಾದಿಯನ್ನು ಹೊಸದಾಗಿ ಬರೆಯುವುದಿಲ್ಲ. ವಿಧಾನಸಭೆಯ ಯಾದಿಯನ್ನೇ ಪ್ರಭಾಗವಾರು ಒಡೆಯುತ್ತಾರೆ. ಆ ಹೊತ್ತಿಗೆ ಬಂದು ಮಗಳ ಹೆಸರು ಸೇರಿಸಿರೆಂದರೆ ಆಗದು. ಅದಕ್ಕೆ ಮೊದಲೇ ನಮೂನೆ 6ನ್ನು ತುಂಬಿರಬೇಕು. ಮನೆ ಬದಲಿಸಿದವರೂ ಹೆಸರಿನ ತಪ್ಪು ತಿದ್ದಿಸುವವರೂ ನಮೂನೆ 8ನ್ನು. ಹೆಸರಿನ ಮಾತು ಬಂದುದರಿಂದ ವ್ಯಾಕರಣದ ಒಂದು ಸಂಗತಿ ಹೇಳದಿರಲಾರೆ. ಮರಾಠಿಯ ಲಿಪಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಗುರುತಿಲ್ಲ. ಹೊನ್ನವ್ವ ಹೋನ್ನವ್ವಳಾಗುತ್ತಾಳೆ, ಕೆಂಚಪ್ಪ ಕೇಂಚಪ್ಪನಾಗುತ್ತಾನೆ. ಬರೆಯುವವನು ಕನ್ನಡ ಅರಿಯದವನಾದರೆ ತಂದೆಯ ಅಡ್ಡಹೆಸರು ಒಂದು ಬಗೆ, ಮಗನದು ಇನ್ನೊಂದು ಬಗೆ. ಯಾದಿ ಪ್ರಕಟವಾದ ದಿನ ಓದಿ ನೋಡಿದವನಿಗೆ ಇದು ನಗೆಯ ವಿಷಯ. ಮತಗಟ್ಟೆಯಲ್ಲಿ ಗುರುತಿನ ಚೀಟಿ ಹಿಡಿದು ನಿಂತ ವೃದ್ಧೆಗೆ ಹಾಗಲ್ಲ.

ಆದುದರಿಂದ ಸಂಘಕ್ಕೆ ನನ್ನದೊಂದು ವಿಜ್ಞಾಪನೆ. ಓಣಿಗೊಬ್ಬ ತರುಣನಾಗಲಿ ತರುಣಿಯಾಗಲಿ ಯಾದಿಯನ್ನೂ ನಕ್ಷೆಯನ್ನೂ ನೋಡಿಬರುವ ಹೊಣೆ ಹೊರಲಿ. ಕರಡು ನಕ್ಷೆಯ ಪ್ರತಿಯೊಂದು ಸಂಘದ ಫಲಕದ ಮೇಲಿರಲಿ. ಹರಕತಿಯನ್ನು ಮರಾಠಿಯಲ್ಲಿ ಬರೆದುಕೊಡುವುದರಿಂದ ಕನ್ನಡಾಭಿಮಾನಕ್ಕೆ ಊನವಿಲ್ಲ. ಓದಬೇಕಾದವನಿಗೆ ತಿಳಿಯುವಂತೆ ಬರೆಯುವುದೇ ಬರವಣಿಗೆ. ಶಾಲೆ ಬಿಟ್ಟ ಮೇಲೆ ಸಂಜೆಯ ಹೊತ್ತು ಅರ್ಜಿ ಬರೆದುಕೊಡಲು ನಾನು ಸಿದ್ಧನಿದ್ದೇನೆ. ನನ್ನ ಮರಾಠಿಯನ್ನು ತಿದ್ದಬಲ್ಲ ಇಬ್ಬರು ಜೊತೆಗೆ ಬೇಕು. ಅವರು ತಮ್ಮ ಹೆಸರನ್ನು ಇಂದೇ ಕಾರ್ಯದರ್ಶಿಗಳಲ್ಲಿ ಕೊಟ್ಟು ಹೋಗಬೇಕೆಂದು ಕೋರುತ್ತೇನೆ.