ನಾಲ್ಕು ಫ್ರೇಮಿನ ಸಾಲ

ವೇದಿಕೆಯ ಮೇಲಿರುವ ಹಿರಿಯರೇ, ಕಡಲೆ ರಾಶಿಯ ಗಡಿಬಿಡಿಯೊಳಗೂ ಬಂದು ಕುಳಿತ ಯಾವಗಲ್ಲಿನ ಬಂಧುಗಳೇ, ರೋಣ, ನರಗುಂದ, ಗಜೇಂದ್ರಗಡ ಕಡೆಯಿಂದ ಬಸ್ಸು ಹಿಡಿದು ಬಂದ ಸಿನಿಮಾ ಹುಚ್ಚಿನ ಗೆಳೆಯರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಉಪಕಾರ. ಏಕೀಕರಣಕ್ಕೆ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರಂಥವರು ಓಡಾಡಿದ ತಾಲ್ಲೂಕಿನಲ್ಲಿ ಮಾತಾಡಲು ನಾಲಿಗೆ ಸ್ವಲ್ಪ ಹೆದರುತ್ತದೆ. ನನಗಿಂತ ಮೊದಲು ಈ ಅಧ್ಯಕ್ಷ ಪೀಠದಲ್ಲಿ ಕುಳಿತವರೆಲ್ಲ ದೊಡ್ಡವರು. ಅವರ ಸೇವೆಯನ್ನು ನೆನೆಯುವುದು ಪದ್ಧತಿ. ನೆನೆದಿದ್ದೇನೆ.

ನಾನು ವಿದ್ವಾಂಸನಲ್ಲ. ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಎಲ್ಲರೂ ಪರದೆ ನೋಡುವಾಗ ಅವರ ಬೆನ್ನು ನೋಡುತ್ತ, ಗೋಡೆಯ ಒಂದು ಗೇಣು ಕಿಂಡಿಯಿಂದ ಸಿನಿಮಾ ನೋಡಿದವನು. ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಪಿಕ್ಚರಿನ ಪೆಟ್ಟಿಗೆ ಬರಬೇಕು, ಬೆಣ್ಣೆಹಳ್ಳ ತುಂಬಿ ಬಂದರೆ ಬಸ್ಸು ನಿಲ್ಲುತ್ತದೆ, ಪೆಟ್ಟಿಗೆ ನಿಂತರೆ ಆಟ ನಿಲ್ಲುತ್ತದೆ, ಆಟ ನಿಂತರೆ ಜನ ಆಪರೇಟರನನ್ನೇ ಬೈಯುತ್ತಾರೆ. ಆ ಬೈಗುಳವೇ ನನ್ನ ವಿದ್ಯಾಭ್ಯಾಸ. ಬರೆದುಕೊಂಡು ಬಂದದ್ದನ್ನು ಓದುತ್ತೇನೆ. ಸಿಟ್ಟು ಬಂದಲ್ಲಿ ನಮ್ಮ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಸಲದ ವಿಷಯ ರೌಡಿ ಪಿಕ್ಚರು. ಇದನ್ನು ಇಡಿಸಲು ನಾನು ಹಟ ಹಿಡಿದದ್ದು ನಿಜ. ಹಿಂದೊಮ್ಮೆ ಇಂಥದೇ ಸಭೆಗೆ 'ಓಂ' ಚಿತ್ರದ ಮೇಲೊಂದು ಗೋಷ್ಠಿ ಇಡಿರೆಂದು ಕೇಳಿದ್ದೆ. ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಾಗ ಆ ಗೋಷ್ಠಿ ಇರಲಿಲ್ಲ. "ಮಚ್ಚು ಹಿಡಿದವರ ಕಥೆಗೆ ಸಾಹಿತ್ಯದ ವೇದಿಕೆ ಯಾಕೆ?" ಎಂದು ಹಿರಿಯರೊಬ್ಬರು ಕೇಳಿದ್ದರಂತೆ. ಅವರು ಇವತ್ತು ಮುಂದಿನ ಸಾಲಿನಲ್ಲಿಯೇ ಇದ್ದಾರೆ. ಸರ್, ನಮಸ್ಕಾರ. ನಿಮ್ಮ ಪ್ರಶ್ನೆಗೆ ಉತ್ತರ ತಂದಿದ್ದೇನೆ. ತಡವಾಗಿದೆ, ಕ್ಷಮಿಸಿ.

ಮೊದಲು ಅಮೆರಿಕದ ಕಥೆ ಕೇಳಿ. ಅಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಕದ್ದು ಸೆರೆ ಮಾರುವವರು ಸಾಹುಕಾರರಾದರು. 1927ರಲ್ಲಿ ಸಿನಿಮಾಕ್ಕೆ ಮಾತು ಬಂತು. ಇವೆರಡೂ ಕೂಡಿದಲ್ಲಿ 1931ರ 'ಲಿಟಲ್ ಸೀಸರ್', 'ದಿ ಪಬ್ಲಿಕ್ ಎನಿಮಿ', ಮರುವರ್ಷ 'ಸ್ಕಾರ್‌ಫೇಸ್' ಹುಟ್ಟಿದವು. ಬಂದೂಕಿನ ಸದ್ದು, ಕಾರಿನ ಬ್ರೇಕಿನ ಸದ್ದು, ಟೆಲಿಫೋನಿನ ಗಂಟೆ, ಇವು ಮೂಕಿ ಚಿತ್ರಕ್ಕೆ ದಕ್ಕುವ ಮಾಲಲ್ಲ. ಒಂದು ಸಮಾಜದ ರೋಗವೂ ಒಂದು ಯಂತ್ರದ ಕಸುವೂ ಕೂಡಿದರೆ ರೌಡಿ ಪಿಕ್ಚರು.

ನಮ್ಮಲ್ಲಿಗೆ ಬನ್ನಿ. 1980ರ ಜುಲೈ 21ರಂದು ಇಲ್ಲೇ ನರಗುಂದ, ನವಲಗುಂದದಲ್ಲಿ ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಮಲಪ್ರಭೆಯ ನೀರಿನ ಕರ, ಅಭಿವೃದ್ಧಿ ಕರ, ರೈತರ ಮೇಲೆ ಗೋಲಿಬಾರು. ಮರುವರ್ಷ, 1981ರಲ್ಲಿ, 'ಅಂತ' ಬಂತು. 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿ, ರಾಜೇಂದ್ರ ಸಿಂಗ್ ಬಾಬು ನಿರ್ದೇಶನ, ಅಂಬರೀಷ್ ಒಬ್ಬರೇ ಇನ್‌ಸ್ಪೆಕ್ಟರೂ ಹೌದು, ಕನ್ವರ್‌ಲಾಲನೂ ಹೌದು. ಕಳ್ಳನಿಗೂ ಪೊಲೀಸನಿಗೂ ಒಂದೇ ಮುಖ. ಗೋಲಿಬಾರು ಕಂಡ ಸೀಮೆಯ ಜನಕ್ಕೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1995ರ ಮೇ 19ಕ್ಕೆ 'ಓಂ' ಬಂತು. ಉಪೇಂದ್ರ ನಿರ್ದೇಶನ, ಶಿವರಾಜ್‌ಕುಮಾರ್, ಪ್ರೇಮಾ, ಹಂಸಲೇಖರ ಸಂಗೀತ, ಬಿ.ಸಿ. ಗೌರಿಶಂಕರ್ ಕ್ಯಾಮೆರಾ. ವೇದ ಓದಿದ ಮನೆಯ ಮಗ ಸತ್ಯ ರೌಡಿಯಾಗುತ್ತಾನೆ. ಬೆಂಗಳೂರಿನ ಭೂಗತ ಲೋಕದ ನಿಜವಾದ ಕೆಲವರೇ ಪರದೆಯ ಮೇಲೆ ಬಂದು ನಿಂತರು. ಅದೇ ವರ್ಷ ರವಿ ಬೆಳಗೆರೆಯವರ 'ಹಾಯ್ ಬೆಂಗಳೂರ್' ಶುರುವಾಯಿತು. ರೌಡಿ ಪತ್ರಿಕೆಯ ಮುಖಪುಟಕ್ಕೂ ಬಂದ, ಪರದೆಗೂ ಬಂದ. 1981ರಲ್ಲಿ ಸುಮಾರು 29 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ ಹತ್ತು ವರ್ಷದಲ್ಲಿ 41 ಲಕ್ಷವಾಗಿತ್ತು. ಅಷ್ಟು ಜನ ಸೇರಿದಲ್ಲಿ ಯಾರು ಯಾರಿಗೆ ಹೆದರಬೇಕೆಂಬ ಲೆಕ್ಕ ಹೊಸದಾಗಿ ಬರೆಯಬೇಕಾಗಿತ್ತು.

ಆಪರೇಟರನ ಕಣ್ಣಿಗೆ ಕಂಡದ್ದು ಇನ್ನೆರಡು. ಒಂದು, ಆಯುಧ. ಅಮೆರಿಕದ ಗ್ಯಾಂಗ್‌ಸ್ಟರ್ ಕೈಯಲ್ಲಿ ಮಶಿನ್‌ಗನ್ನು, ನಮ್ಮವನ ಕೈಯಲ್ಲಿ ಲಾಂಗು. ನಮ್ಮೂರ ಕಮ್ಮಾರಸಾಲೆಯಲ್ಲಿ ಲಾರಿಯ ಪಾಟಾ ಕಾಯಿಸಿ ಕುಡಗೋಲು ಬಡಿಯುತ್ತಾರಲ್ಲ, ಅದರದೇ ದಾಯಾದಿ. ಗುಂಡು ದೂರದಿಂದ ಹಾರುತ್ತದೆ. ಲಾಂಗು ಬೀಸಬೇಕಾದರೆ ಉಸಿರು ತಾಗುವಷ್ಟು ಹತ್ತಿರ ಹೋಗಬೇಕು. ಹಾಗಾಗಿ ಕ್ಯಾಮೆರಾವೂ ಹತ್ತಿರ ಹೋಯಿತು, ಗಲ್ಲಿಯಲ್ಲಿ ಓಡಿತು, ಏದುಸಿರು ಬಿಟ್ಟಿತು. ಎರಡು, ಫೋನು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ. 'ಓಂ' ಬಂದು ಎರಡು ತಿಂಗಳು ಹನ್ನೆರಡು ದಿನಕ್ಕೆ. ಅಂದರೆ ಮನುಷ್ಯನನ್ನು ಹುಡುಕಬೇಕಾದರೆ ಅವನಿದ್ದಲ್ಲಿಗೇ ಹೋಗಬೇಕಾದ ಕಾಲದ ಕಟ್ಟಕಡೆಯ ಗಳಿಗೆಯಲ್ಲಿ ತೆಗೆದ ಚಿತ್ರವದು.

ಮುಂದೆ 2005ರ 'ಜೋಗಿ'ಯಲ್ಲಿ ಹಳ್ಳಿಯ ತಾಯಿ ನಗರದಲ್ಲಿ ಮಗನನ್ನು ಹುಡುಕಿದಳು. 2007ರ 'ದುನಿಯಾ'ದಲ್ಲಿ ಕಲ್ಲು ಒಡೆಯುವ ಹುಡುಗ ಬೆಂಗಳೂರಿಗೆ ಬಂದ. ಅದೇ ವರ್ಷದ 'ಆ ದಿನಗಳು' ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಪುಸ್ತಕದಿಂದ ಬಂತು. ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ನಮ್ಮ ಓಣಿಯಲ್ಲೂ ಇದ್ದಾರೆ. ಆದರೆ ಈ ಚಿತ್ರಗಳಲ್ಲಿ ನಮ್ಮ ಸೀಮೆಯ ಭಾಷೆ ಬಂದರೆ ನಗಿಸಲು ಮಾತ್ರ ಬರುತ್ತದೆ. ನಾಯಕ ಸಾಯುವಾಗ 'ಯವ್ವಾ' ಅಂದ ಒಂದು ಪಿಕ್ಚರ್ ನಾ ಓಡಿಸಿಲ್ಲ. ಈ ಜಗಳ ಇನ್ನೊಂದು ದಿನಕ್ಕಿರಲಿ.

ಇವತ್ತಿನ ಜಗಳ ಬೇರೆ. ಇಷ್ಟೆಲ್ಲ ಸಾಕ್ಷಿ ಹೊತ್ತ ಈ ಚಿತ್ರಗಳು ಈಗ ಎಲ್ಲಿವೆ?

ನಾನು ಓಡಿಸಿದ ಪ್ರಿಂಟಿನ ಲೆಕ್ಕ ಹೇಳುತ್ತೇನೆ. ಎರಡೂವರೆ ತಾಸಿನ ಪಿಕ್ಚರು ಅಂದರೆ ಸುಮಾರು ಹದಿಮೂರು ಸಾವಿರದ ಐನೂರು ಅಡಿ ಫಿಲ್ಮು. ಅಡಿಗೆ 16 ಫ್ರೇಮು, ಸೆಕೆಂಡಿಗೆ 24. ನಮ್ಮ ಕಡೆಗೆ ಬರುವ ಹೊತ್ತಿಗೆ ಪ್ರಿಂಟು ಹತ್ತು ಊರು ತಿರುಗಿ, ಪರದೆಯ ಮೇಲೆ ಮಳೆ ಬಿದ್ದಂಗ ಗೀರು ಬಿದ್ದಿರುತ್ತಿತ್ತು. 'ಓಂ' ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆಯಾಯಿತೆಂಬ ಲೆಕ್ಕವಿದೆ. ಇಪ್ಪತ್ತು ವರ್ಷ, 2015ರವರೆಗೆ, ಟಿವಿಗೆ ಹೋಗಲಿಲ್ಲ. ನೋಡಬೇಕಾದರೆ ಟಾಕೀಸಿಗೇ ಬರಬೇಕು. ಜನ ಬಂದರು, ಪ್ರಿಂಟು ಸವೆಯಿತು. 'ದಿ ಗಾಡ್‌ಫಾದರ್' ಚಿತ್ರಕ್ಕೂ ಹೀಗೇ ಆಯಿತು. ಪ್ರಿಂಟು ತೆಗೆದೂ ತೆಗೆದೂ ಅದರ ಮೂಲ ನೆಗೆಟಿವ್ವೇ ಹಾಳಾಗಿತ್ತು. ಅಮೆರಿಕದವರು ಕೂತು ಅದನ್ನು ಸರಿಮಾಡಿಕೊಂಡರು.

ಇಲ್ಲಿ ನನ್ನ ತಪ್ಪೂ ಒಂದಿದೆ, ಹೇಳಿಬಿಡುತ್ತೇನೆ. ಫಿಲ್ಮು ಹರಿದಾಗ ಹರಿದ ತುದಿ ಕತ್ತರಿಸಿ ಅಂಟಿಸಬೇಕು. ಹರಿಯದಿದ್ದಾಗಲೂ ನಾನು ಕತ್ತರಿಸಿದ್ದೇನೆ. ಬಾಗಿಲಿನ ಹೊರಗೆ ಹುಡುಗರು ಕಾಯುತ್ತಿದ್ದರು, "ಕಾಕಾ, ಲಾಂಗ್ ಹಿಡಿದದ್ದು ಕೊಡ್ರಿ" ಅಂತ. ತಲೆಗೆ ನಾಲ್ಕು ಫ್ರೇಮು. ಅವರು ಅದನ್ನು ಕನ್ನಡಿಯ ಬಿಸಿಲಿಗೆ ಹಿಡಿದು, ಅಪ್ಪನ ಧೋತ್ರದ ಮೇಲೆ ಸಿನಿಮಾ ತೋರಿಸುತ್ತಿದ್ದರು. ನಾಲ್ಕು ಫ್ರೇಮು ಅಂದರೆ ಸೆಕೆಂಡಿನ ಆರರಲ್ಲೊಂದು ಪಾಲು. ಅರವತ್ತು ಹುಡುಗರಿಗೆ ಕೊಟ್ಟರೆ ಹತ್ತು ಸೆಕೆಂಡು ಮಾಯ. ಇನ್ನೂ ಒಂದಿದೆ. ಫಿಲ್ಮಿನಲ್ಲಿ ಚಿತ್ರದ ಪಕ್ಕ ಇರುವ ಧ್ವನಿ ಅದೇ ಚಿತ್ರದ್ದಲ್ಲ, ಸುಮಾರು ಇಪ್ಪತ್ತು ಫ್ರೇಮು ಆಚೆಗಿನದು. ನಾನು ಕತ್ತರಿಸಿದ್ದು ಒಂದು ಹೊಡೆತ, ಅದರ ಜೊತೆ ಹೋದದ್ದು ಮುಂದೆ ಬರಬೇಕಾದ ಮಾತು. ಆಗ ಅದು ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು.

ಡಿಜಿಟಲ್ ಬಂದಮೇಲೆ ಪೆಟ್ಟಿಗೆ ಬರುವುದು ನಿಂತಿತು. ಒಂದು ಊರಿನ ಗೋದಾಮಿನಲ್ಲಿ ಹಳೆಯ ಪ್ರಿಂಟುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ತೂಗುತ್ತಿದ್ದುದನ್ನು ಕಣ್ಣಾರೆ ಕಂಡೆ. ಡಬ್ಬಿಯ ತಗಡಿಗೆ ಒಂದು ದರ, ಒಳಗಿನ ಫಿಲ್ಮಿಗೆ ಅದಕ್ಕಿಂತ ಕಡಿಮೆ. ಒಂದು ರೌಡಿ ಪಿಕ್ಚರಿನ ಎಂಟನೇ ರೀಲು ಮಾತ್ರ ಕೊಂಡು ತಂದೆ, ಬಸ್ ಚಾರ್ಜು ಬಿಟ್ಟು ಉಳಿದ ರೊಕ್ಕದಲ್ಲಿ ಅಷ್ಟೇ ಬಂತು. ಮಂಚದ ಕೆಳಗಿಟ್ಟೆ. ನಾಲ್ಕು ಬೇಸಿಗೆ ಕಳೆದಮೇಲೆ ನಮ್ಮ ಮನೆಯಾಕೆ, "ಏನ್ರೀ, ಉಪ್ಪಿನಕಾಯಿ ಭರಣಿ ಎಲ್ಲೆರ ಒಡದೈತೇನ್ರಿ?" ಅಂದಳು. ಫಿಲ್ಮು ಕೊಳೆಯುವಾಗ ಬರುವ ಹುಳಿ ವಾಸನೆ ಅದು. ಒಮ್ಮೆ ಹಿಡಿದರೆ ಪಕ್ಕದ ರೀಲಿಗೂ ಹಬ್ಬುತ್ತದೆ. ತಂಪಿನಲ್ಲಿ, ಒಣ ಗಾಳಿಯಲ್ಲಿ ಇಟ್ಟರೆ ಮಾತ್ರ ನಿಧಾನವಾಗುತ್ತದೆ.

ಆಮೇಲೆ ಈ ಚಿತ್ರಗಳನ್ನು ಉಳಿಸಿರೆಂದು ಪತ್ರ ಬರೆಯತೊಡಗಿದೆ. ಒಂದು ಕಚೇರಿಗೆ ಹನ್ನೊಂದು ಪತ್ರ. ಬಂದ ಉತ್ತರ ಎರಡು. ಮೊದಲನೆಯದರಲ್ಲಿ "ಸಂಬಂಧಪಟ್ಟ ಶಾಖೆಗೆ ವರ್ಗಾಯಿಸಲಾಗಿದೆ" ಎಂದಿತ್ತು. ಎರಡನೆಯದರಲ್ಲಿ, ನನ್ನ ಮನವಿ ಯಾವ ವಿಷಯಕ್ಕೆ ಸಂಬಂಧಿಸಿದ್ದೆಂದು ತಿಳಿಸಬೇಕೆಂದು ಕೇಳಿದ್ದರು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ', 1934ರ ಮಾರ್ಚ್ 3ರಂದು ತೆರೆಗೆ ಬಂದದ್ದು. ಅದರ ಒಂದು ಪ್ರಿಂಟೂ ಉಳಿದಿಲ್ಲ. ಮೊದಲನೆಯದನ್ನೇ ಕಳೆದುಕೊಂಡವರು ನಾವು. ಆದರೂ ಚಿತ್ರನಗರಿ ಹೆಸರಘಟ್ಟಕ್ಕೋ, ರಾಮನಗರಕ್ಕೋ, ಮೈಸೂರಿಗೋ ಎಂದು ವರ್ಷಗಟ್ಟಲೆ ಜಗಳಾಡಿದೆವು. ಹೊಸ ಪಿಕ್ಚರ್ ತೆಗೆಯಾಕ ಜಾಗ ಬೇಕು, ಖರೆ. ತೆಗದದ್ದನ್ನ ಇಡಾಕ ಒಂದು ಖೋಲಿ ಬ್ಯಾಡೇನು? ಬ್ಯಾಡಗಿಗೆ ಹೋಗಿ ನೋಡ್ರಿ, ಮೆಣಸಿನಕಾಯಿಗೆ ಶೀತಲಗೃಹ ಐತಿ. ಬಣ್ಣ ಕೆಡಬಾರದು ಅಂತ ಚೀಲ ಚೀಲ ತಂಪಿನಾಗ ಇಡತಾರ. ಮೆಣಸಿನಕಾಯಿಗಿರೋ ಮರ್ಯಾದಿ ಕನ್ನಡದ ಪಿಕ್ಚರಿಗಿಲ್ಲ.

ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಸಂಗ್ರಹಾಗಾರವಿದೆ, ಎಲ್ಲ ಭಾಷೆಯ ಭಾರವೂ ಅದರ ಮೇಲಿದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಈಚೆಗೆ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕಣ್ಣು ತುಂಬಿ ಬಂತು. ಆ ಕೆಲಸದ ಹಿಂದೆ ನಿಂತವರಲ್ಲಿ ಮಾರ್ಟಿನ್ ಸ್ಕೋರ್ಸೇಸಿಯವರ ಸಂಸ್ಥೆಯೂ ಒಂದು. ಈ ಸ್ಕೋರ್ಸೇಸಿ ಯಾರು? 'ಮೀನ್ ಸ್ಟ್ರೀಟ್ಸ್', 'ಗುಡ್‌ಫೆಲ್ಲಾಸ್' ತೆಗೆದವರು. ರೌಡಿ ಪಿಕ್ಚರ್ ತೆಗೆದ ಮನುಷ್ಯ ನಮ್ಮ ಅಗ್ರಹಾರದ ವಿಧವೆಯ ಕಥೆಯನ್ನು ಉಳಿಸಲು ಕೈಜೋಡಿಸಿದರು. ಅಗ್ರಹಾರದ ಕಥೆಯನ್ನು ಮೆಚ್ಚುವ ನಾವು ನಮ್ಮದೇ ರೌಡಿ ಪಿಕ್ಚರನ್ನು ಉಳಿಸಲು ಮಡಿ ನೋಡುತ್ತಿದ್ದೇವೆ. ಸರ್, ಮುಂದಿನ ಸಾಲಿನಲ್ಲಿರುವ ಸರ್, ನನ್ನ ಉತ್ತರ ಇಷ್ಟೇ. ಕಲಾತ್ಮಕ ಚಿತ್ರಕ್ಕೆ ಎಂದಾದರೂ ಒಬ್ಬ ಒಡೆಯ ಸಿಕ್ಕಾನು. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ನೋಡಿದ ಚಿತ್ರಕ್ಕೆ, ನೋಡಿದವರನ್ನು ಬಿಟ್ಟರೆ ಯಾರೂ ಇಲ್ಲ.

ಹಾಗಾಗಿ ಕೆಲವು ಬೇಡಿಕೆಗಳನ್ನು ಮುಂದಿಡುತ್ತೇನೆ.

ಒಂದು, ಅಮೆರಿಕದಲ್ಲಿ ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ವರ್ಷಕ್ಕೆ 25 ಚಿತ್ರ ಸೇರಿಸುತ್ತಾರೆ. 1990ರಲ್ಲೇ 'ಗಾಡ್‌ಫಾದರ್' ಸೇರಿದೆ. ನಮ್ಮ ಸರ್ಕಾರ ವರ್ಷಕ್ಕೆ ಹತ್ತೇ ಹತ್ತು ಕನ್ನಡ ಚಿತ್ರ ಗುರುತಿಸಲಿ. ಅದರಲ್ಲಿ ಮೂರಾದರೂ ಜನ ಸೀಟಿ ಹೊಡೆದು ನೋಡಿದವು ಇರಲಿ. ಎರಡು, ಸಹಾಯಧನದ ಕೊನೆಯ ಕಂತು ಕೈಗೆ ಸಿಗಬೇಕಾದರೆ ಚಿತ್ರದ ಮೂಲಪ್ರತಿ, ಚಿತ್ರಕಥೆ, ಸ್ಥಿರಚಿತ್ರ ಮೂರನ್ನೂ ಒಪ್ಪಿಸಿರಬೇಕು. ಮೂರು, ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ತಂಪಾದ ಒಂದು ಖೋಲಿ. ಅರಮನೆ ಬೇಡ, ಖೋಲಿ. ಕಟ್ಟಲು ತಡವಾದರೆ ಅಲ್ಲಿಯವರೆಗೆ ಬ್ಯಾಡಗಿಯ ಶೀತಲಗೃಹದಲ್ಲಿ ಒಂದು ಮೂಲೆ ಬಾಡಿಗೆಗೆ ಹಿಡಿಯಲಿ. ನಾಲ್ಕು, ಬದುಕಿರುವ ಹಳೆಯ ಆಪರೇಟರರು, ಪೋಸ್ಟರ್ ಅಂಟಿಸಿದವರು, ಗೇಟ್‌ಕೀಪರುಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ನಮ್ಮ ವಯಸ್ಸು ನೋಡಿ ಈ ಕೆಲಸ ಮೊದಲು ಮಾಡಿ. ಐದನೆಯದು ಬೇಡಿಕೆಯಲ್ಲ, ಆಸೆ. ಗೀರಿಲ್ಲದ, ಒಂದು ಫ್ರೇಮೂ ಕಮ್ಮಿಯಿಲ್ಲದ 'ಓಂ' ಯಾವಗಲ್ಲಿನ ಬಯಲಲ್ಲಿ ಪರದೆ ಕಟ್ಟಿ ನೋಡಬೇಕು. ಸ್ಕೋರ್ಸೇಸಿಯವರು ಬಂದರೆ ಜೋಳದ ರೊಟ್ಟಿ, ಎಣ್ಣೆಗಾಯಿ ನಮ್ಮ ಮನೆಯಿಂದ.

ಠರಾವು ಪಾಸಾಗುತ್ತದೆ, ಚಪ್ಪಾಳೆಯೂ ಬೀಳುತ್ತದೆ, ಅದರ ಮುಂದಿನ ಶಾಖೆಯನ್ನು ನಾನು ಬಲ್ಲೆ. ಆದ್ದರಿಂದ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಟಿಕೆಟ್ಟು, ಪೋಸ್ಟರು, ಪದ್ಯಾವಳಿ ಪುಸ್ತಕ ಏನಿದ್ದರೂ ಊಟದ ಹೊತ್ತಿಗೆ ಹೊರಗಿನ ಮೇಜಿನ ಬಳಿ ಹೆಸರು ಬರೆಸಿ ಹೋಗಿ. ಅಂದು ಬಾಗಿಲ ಹೊರಗೆ ಕಾಯುತ್ತಿದ್ದ ಹುಡುಗರು ಈ ಸಭೆಯಲ್ಲಿ ಇದ್ದೀರಿ, ಇಬ್ಬರನ್ನು ಗುರುತಿಸಿದ್ದೇನೆ, ತಲೆ ಬೆಳ್ಳಗಾಗಿದೆ. ಆ ನಾಲ್ಕು ಫ್ರೇಮು ಇನ್ನೂ ಇಟ್ಟುಕೊಂಡಿದ್ದರೆ ವಾಪಸು ತಂದುಕೊಡ್ರಪಾ. ಅವು ನನ್ನವಲ್ಲ, ನಿಮಗೆ ಕೊಡುವ ಹಕ್ಕು ನನಗಿರಲಿಲ್ಲ.