ಮೌನವಾಗಿಸಿದ ಗಾಯ



ಒಂದನೇ ಮಹಾಯುದ್ಧದಲ್ಲಿ ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಗುಂಡಿಕ್ಕಿ ಕೊಲ್ಲಲಾಗಿದ್ದ 306 ಸೈನಿಕರಿಗೆ ಬ್ರಿಟನ್ 2006ರಲ್ಲಿ ಕ್ಷಮೆ ನೀಡಿತು. ಅವರಲ್ಲಿ ಹಲವರ ಮನಸ್ಸು ಷೆಲ್ ದಾಳಿಗಳಿಂದ ಜರ್ಜರಿತವಾಗಿತ್ತು. ಕ್ಷಮೆ ಯಾರಿಗೆ ತಲುಪಿತೋ!

ವಿಯೆಟ್ನಾಂನಿಂದ ಮರಳಿದ ಅಮೆರಿಕನ್ ಸೈನಿಕರು 1970ರಲ್ಲಿ ನ್ಯೂಯಾರ್ಕಿನಲ್ಲಿ ಒಟ್ಟಿಗೆ ಕುಳಿತು, ತಾವು ಕಂಡದ್ದನ್ನೂ ಮಾಡಿದ್ದನ್ನೂ ಹೇಳಿಕೊಳ್ಳತೊಡಗಿದರು. ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಅವರೊಂದಿಗೆ ಕುಳಿತು ಆಲಿಸಿದರು. 1980ರಲ್ಲಿ ಈ ವ್ಯಾಧಿಯು ವೈದ್ಯಕೀಯ ಮಾನ್ಯತೆ ಪಡೆಯಿತು. ಇಂದು ಪ್ರಚಲಿತವಿರುವ ಒಂದು ಚಿಕಿತ್ಸೆಯಲ್ಲಿ ಸುಮಾರು 12 ಭೇಟಿಗಳಿರುತ್ತವೆ. 'ಗೆಳೆಯ ಸತ್ತದ್ದು ನನ್ನಿಂದಲೇ' ಎಂಬಂತಹ ನಂಬಿಕೆಯನ್ನು ಸೈನಿಕನು ಬರೆದು ತರುತ್ತಾನೆ. ಚಿಕಿತ್ಸಕರು ಬರಿದೇ ಸಾಂತ್ವನ ಹೇಳುವುದಿಲ್ಲ. ಆ ಕ್ಷಣದಲ್ಲಿ ನಿನಗೇನು ತಿಳಿದಿತ್ತು ಎಂದು ಪ್ರಶ್ನಿಸುತ್ತಾರೆ. 2023ರ ಅಮೆರಿಕದ ಸರಕಾರಿ ಮಾರ್ಗಸೂಚಿಯು ಮಾತ್ರೆಗಿಂತ ಇಂತಹ ಮಾತಿಗೇ ಆದ್ಯತೆ ನೀಡಿದೆ.

ಇರಾಕನ್ನು ಧ್ವಂಸಗೈದವರಿಗೆ ಚಿಕಿತ್ಸೆ, ಫಲ್ಲೂಜದ ಮಗುವಿನ ದುಃಸ್ವಪ್ನಕ್ಕೆ ಯಾರು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಗಲಭೆಯಲ್ಲಿ ಮಗನನ್ನು ಕಳಕೊಂಡ ತಾಯಿಯೊಬ್ಬಳು ನಡುರಾತ್ರಿ ಬೆಚ್ಚಿ ಎದ್ದರೆ ನಾವೇನು ಮಾಡುತ್ತೇವೆ? ಈಮಾನ್ ದುರ್ಬಲವೆನ್ನುತ್ತೇವೆ, ಇಲ್ಲವೇ ತಾಯಿತ ಕಟ್ಟಿಸುತ್ತೇವೆ. ಪುತ್ರ ಯೂಸುಫ್‌ರ(ಅ) ಅಗಲಿಕೆಯ ದುಃಖದಿಂದ ಪ್ರವಾದಿ ಯಾಕೂಬ್(ಅ) ದೃಷ್ಟಿಯನ್ನೇ ಕಳಕೊಂಡರೆಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್‌ನಲ್ಲಿ ಕೊರತೆಯಿತ್ತೇ?

ದುಆ ಇರಲಿ, ವೈದ್ಯರೂ ಇರಲಿ. 2022ರಲ್ಲಿ ಆರಂಭವಾದ ಸರಕಾರದ ಉಚಿತ ಸಹಾಯವಾಣಿ 'ಟೆಲಿ ಮಾನಸ್'ನ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು. ಮಸೀದಿಯ ಸೂಚನಾ ಫಲಕದಲ್ಲಿ ನಮಾಝ್ ವೇಳಾಪಟ್ಟಿಯ ಪಕ್ಕ ಅದಕ್ಕೂ ಜಾಗವಿದೆ.